ಕಬ್ಬಿನ ಮರೆಯ ಹೊಳೆ

ಮದ್ದೂರಿನಾಚೆ ಶಿಂಷಾ ದಡದಲ್ಲಿ ಒಬ್ಬಳೇ ದುಡಿದು ಮನೆ ಕಟ್ಟಿಸಿದೆ. ಹೊಳೆ ಉಕ್ಕಿದರೆ ಮುಳುಗುತ್ತೆ, ಬೇಡವೆಂದವರ ಮುಖಕ್ಕೆ ಫೋನು ಹಿಡಿದೆ. ಲೋಕದ ನದಿಗಳಿಗೆಲ್ಲ ಕಂಪ್ಯೂಟರ್ ಲೆಕ್ಕ ಹಾಕಿ ಬರೆದ ಪ್ರವಾಹದ ನಕ್ಷೆಯಲ್ಲಿ ನನ್ನ ಜಾಗ ಮುಳುಗುವುದಿಲ್ಲ ಎಂದೇ ಇತ್ತು.

ಆ ನಕ್ಷೆಯನ್ನು ತಾಳೆ ನೋಡಲು ಒಬ್ಬ ಎಂಜಿನಿಯರ್ ಬಂದ.

"ಅಮ್ಮ, ನಕ್ಷೆ ಪ್ರಕಾರ ಹೊಳೆಗೂ ಮನೆಗೂ ನಡುವೆ ದಿಬ್ಬ ಇರಬೇಕಲ್ಲ?"

"ದಿಬ್ಬ ಎಲ್ಲಿ ಬಂತಪ್ಪ? ಅದು ನನ್ನ ಕಬ್ಬು ಕಣಪ್ಪ. ಮುಂದಿನ ವಾರ ಕಡಿಸ್ತೀನಿ."

ಅವನ ಮುಖ ಬಿಳಿಚಿತು. "ನಕ್ಷೆಗೆ ನೆಲದ ಎತ್ತರ ಅಳೆದ ಉಪಗ್ರಹ ಕಬ್ಬಿನ ತುದಿಯನ್ನೇ ನೆಲ ಅಂದುಕೊಂಡಿದೆ. ದಿಬ್ಬವೇ ಇಲ್ಲದ ಮೇಲೆ ಪ್ರವಾಹ ನೇರ ಮನೆಗೇ ನುಗ್ಗುತ್ತೆ. ಮಳೆಗಾಲಕ್ಕೆ ಮುಂಚೆ ಬೇರೆ ಕಡೆ ಹೋಗಿಬಿಡಿ."

"ನಾನು ಓಗಾಕಿಲ್ಲ ಬುಡು," ಎಂದೆ.

ಕಬ್ಬು ಕಡಿದಾಯಿತು. ಈಗ ಬೆಳಿಗ್ಗೆ ಬಾಗಿಲು ತೆಗೆಯುವ ಮುನ್ನ ಹೊಳೆಯ ಸದ್ದಿಗೆ ಕಿವಿಗೊಡುತ್ತೇನೆ. ನಕ್ಷೆಯಲ್ಲಿ ಮಾತ್ರ ನನ್ನ ಮನೆ ಮುಂದೆ ಇನ್ನೂ ದಿಬ್ಬವಿದೆ.