ಒಂದೇ ವಿಳಾಸಕ್ಕೆ ಎರಡು ಪತ್ರ

ಬಾಯಿಬೀಗಣ್ಣನಿಗೆ ಕಾಗದಗಳನ್ನು ಗಟ್ಟಿಯಾಗಿ ಓದಿಕೊಳ್ಳುವ ಚಟ. ಇಂಟರ್ನೆಟ್ ಕಂಪನಿಯ ದೂರು ವಿಭಾಗದಲ್ಲಿ ಕೂತವನಿಗೆ ಇದು ಒಳ್ಳೆಯದಲ್ಲ. ಒಮ್ಮೆ ಯಾರೋ ಯಾರಿಗೋ ಕಳಿಸಿದ ಕೊಳಕು ಬೈಗುಳವನ್ನು ಅಲ್ಪಪ್ರಾಣ ಮಹಾಪ್ರಾಣ ತಪ್ಪದೆ ಓದಿ ತಲೆಯೆತ್ತಿದರೆ, ಎದುರಿಗೆ ಮೇಲಧಿಕಾರಿ, ಪಕ್ಕದಲ್ಲಿ ಅವರ ತಾಯಿ!

"ಯಾರೋ ಇವನು?" ಎಂದರು ಆಕೆ.

"ನಮ್ಮಲ್ಲಿರೋರ ಪೈಕಿ ಇವನೇ ಮರ್ಯಾದಸ್ಥ, ಅಮ್ಮ."

ಸುಳ್ಳಲ್ಲ. ದೂರಿನಲ್ಲಿರುವ ಐಪಿ ಸಂಖ್ಯೆ, ಬೈಗುಳ ಬಂದ ಗಂಟೆ, ನಿಮಿಷ ನೋಡಿ, ಆ ಹೊತ್ತಿಗೆ ಅದು ಯಾರ ಮನೆಯ ಸಂಪರ್ಕವೆಂದು ಹುಡುಕುವುದು ಅವನ ಕೆಲಸ. ಆಮೇಲೆ ಎರಡು ಪತ್ರ. ಆ ಗ್ರಾಹಕರಿಗೆ ಎಚ್ಚರಿಕೆ. ದೂರಿತ್ತವರಿಗೆ, 'ಎಚ್ಚರಿಸಿದ್ದೇವೆ, ಕೋರ್ಟಿನ ಆದೇಶವಿಲ್ಲದೆ ಹೆಸರು ಹೇಳಲಾಗದು' ಎಂಬ ಉತ್ತರ. ಇಪ್ಪತ್ತು ವರ್ಷದಲ್ಲಿ ಹೆಂಡತಿಯ ಮುಂದೆಯೂ ಒಂದು ಹೆಸರು ಉದುರಿಸಿದವನಲ್ಲ. ಮಕ್ಕಳಿಲ್ಲದ್ದರಿಂದ ಯಾರಿಗೂ ಬೀಗನಾಗಲಿಲ್ಲ; ಕಂಡವರ ಗುಟ್ಟಿಗೆಲ್ಲ ಬೀಗವಾದ.

ಒಂದು ದಿನ ಬಂದ ದೂರನ್ನು ಮಾತ್ರ ಅವನು ಗಟ್ಟಿಯಾಗಿ ಓದಲಿಲ್ಲ. ಅದು ಅವನ ಒಬ್ಬಳೇ ತಂಗಿಯದು. ಶಾಲೆಯ ಟೀಚರ್. ಆರು ತಿಂಗಳಿಂದ ಹೆಸರಿಲ್ಲದ ಯಾರೋ ಅವಳಿಗೆ ಬರೆಯುತ್ತಿದ್ದರು: 'ನಿನ್ನ ಮುಖ ನೋಡಿ ಮಕ್ಕಳು ಹಿಂದಿನಿಂದ ನಗ್ತಾರೆ.' ಅವಳು ಶಾಲೆಗೆ ಹೋಗುವುದನ್ನೇ ಬಿಟ್ಟಿದ್ದಳು. ಗಂಡ ಪಕ್ಕದಲ್ಲೇ ಕೂತು ಅವಳ ಕಣ್ಣೊರೆಸುತ್ತಿದ್ದ.

ಅಣ್ಣ ಸಂಖ್ಯೆ ಹುಡುಕಿದ. ಕನ್ನಡಕ ಒರೆಸಿ ಮತ್ತೆ ಹುಡುಕಿದ. ಸಂಪರ್ಕ ಇದ್ದದ್ದು ತಂಗಿಯ ಹೆಸರಿನಲ್ಲೇ. ಆ ಮನೆಯಲ್ಲಿ ಇರುವವರು ಇಬ್ಬರೇ.

ದೂರಿದವರೂ ಗ್ರಾಹಕರೂ ಒಬ್ಬರೇ ಆದರೆ ಏನು ಮಾಡಬೇಕೆಂದು ನಿಯಮದಲ್ಲಿ ಇರಲಿಲ್ಲ. ಸಂಜೆ ಎಂದಿನಂತೆ ಎರಡೂ ಪತ್ರ ಬರೆದ.

ಮೂರನೆಯ ದಿನ ತಂಗಿ ಎರಡನ್ನೂ ಹಿಡಿದು ಆಫೀಸಿಗೇ ಬಂದಳು. ತಲೆ ಬಾಚಿರಲಿಲ್ಲ.

"ನನಗೆ ನಾನೇ ಬೈಕೊಂಡೆ ಅಂತ ನನಗೇ ಎಚ್ಚರಿಕೆ ಕಳಿಸಿದ್ದೀಯಲ್ಲೋ ಅಣ್ಣ! ಮೊದಲು ನಕ್ಕುಬಿಟ್ಟೆ ಕಣೋ. ಆರು ತಿಂಗಳಾಗಿತ್ತು ನಕ್ಕು. ಇವರನ್ನೂ ನಗಿಸೋಣ ಅಂತ ಒಳಗೆ ಹೋಗಿ ತೋರಿಸಿದೆ." ಅವಳು ಪತ್ರಗಳನ್ನು ಮೇಜಿನ ಮೇಲಿಟ್ಟಳು. "ಇವರು ನಗಲಿಲ್ಲ."

ಅವನು ಕುರ್ಚಿ ಎಳೆದುಕೊಟ್ಟ. ಅವಳು ಕೂರಲಿಲ್ಲ.

"ನಾಲ್ಕು ಹೆಜ್ಜೆ ದೂರದ ಮನೆ. ನಿನಗೆ ಗೊತ್ತಾದಾಗಲೇ ಬಂದು, ಪಕ್ಕದಲ್ಲಿ ಕೂತು ಹೇಳಬಾರದಿತ್ತೇನೋ? ಇಂಥದ್ದನ್ನ ಪೋಸ್ಟಲ್ಲಿ ಕಳಿಸ್ತಾರಾ?"

ಊರಿನವರ ಬೈಗುಳಗಳನ್ನೆಲ್ಲ ಗಟ್ಟಿಯಾಗಿ ಓದಿದ ಬಾಯಿ ಈಗ ಪಿಸುಗುಟ್ಟಿತು.

"ಸ್ಟಾಂಪು ಅಂಟಿಸಿಬಿಟ್ಟಿದ್ದೆ ಕಣೆ" ಎಂದ.