ಅಪ್ಪನ ಅಂಗಡಿ ಮುಂದೆ ತಳ್ಳಿದ ಕಾರು

ನಮ್ಮಪ್ಪನಿಗೆ ಯಾರಾದರೂ ಗಾಡಿ ತಳ್ಳುವುದನ್ನು ಕಂಡರಾಗುತ್ತಿರಲಿಲ್ಲ. ಎಪ್ಪತ್ತರ ದಶಕದ ಹೊನ್ನಾಳಿಯಲ್ಲಿ ತಳ್ಳಿಸಿಕೊಳ್ಳದೆ ಹೊರಡುತ್ತಿದ್ದ ವಾಹನಗಳೇ ಕಡಿಮೆ. ಬೆಳಗಾದರೆ ಜೀಪು, ಲಾರಿ, ಒಮ್ಮೊಮ್ಮೆ ಜನ ತುಂಬಿದ ಬಸ್ಸು. ಅಂಥದ್ದೇನಾದರೂ ಬಸ್‌ಸ್ಟ್ಯಾಂಡಿನ ಪಕ್ಕದ ಅವನ ಅಂಗಡಿಯ ಮುಂದೆ ಬಂದರೆ ಸ್ಪ್ಯಾನರ್ ಹಿಡಿದುಕೊಂಡೇ ರಸ್ತೆಗಿಳಿಯುತ್ತಿದ್ದ. “ನಿಲ್ಲಿಸ್ರಲೇ! ಈರಣ್ಣನ ಅಂಗಡಿ ಮುಂದೆ ಗಾಡಿ ತಳ್ಳಾದೂ ಒಂದೇ, ನನ್ನ ಮೀಸೆ ಬೋಳ್ಸಾದೂ ಒಂದೇ!”

ಕೀಲಿ ತಿರುಗಿಸಿದಾಗ ಇಂಜಿನ್ ಎಬ್ಬಿಸುವ ಮೋಟಾರಿಗೆ ನಮ್ಮ ಕಡೆ ‘ಸೆಲ್ಫ್’ ಅನ್ನುತ್ತಾರೆ. ಅದರ ರಿಪೇರಿಯೇ ಅಪ್ಪನ ಕಸುಬು, ಅದರಿಂದಲೇ ಅವನು ಊರಿಗೆಲ್ಲ ಸೆಲ್ಫ್ ಈರಣ್ಣ. ಎರಡು ವೈರು ಬೆಸೆದ ಸಣ್ಣ ಬಲ್ಬೊಂದು ಸದಾ ಅವನ ಜೇಬಿನಲ್ಲಿರುತ್ತಿತ್ತು. ಬ್ಯಾಟರಿಯಿಂದ ಶುರು ಮಾಡಿ ಅದನ್ನು ಅಲ್ಲಲ್ಲಿ ಮುಟ್ಟಿಸುತ್ತ ಹೋಗುವನು. ಬಲ್ಬು ಎಲ್ಲಿ ಹತ್ತಲಿಲ್ಲವೋ ಅಲ್ಲಿ ರೋಗ. ಓನರು ಪಕ್ಕದಲ್ಲಿ ನಿಂತು ಡ್ರೈವರನ್ನು ಬೈಯತೊಡಗಿದರೆ ಅಪ್ಪನಿಗೆ ರೇಗುತ್ತಿತ್ತು. “ಕರೆಂಟು ಎಲ್ಲಿ ನಿಂತೈತೆ ಅಂತ ಹುಡುಕಾದು ನನ್ನ ಕೆಲ್ಸ. ಯಾರು ನಿಲ್ಸಿದ್ರು ಅಂತ ಕೇಳಾಕೆ ನಾನೇನು ಪೊಲೀಸಾ?”

ಜಂಬವೂ ಅವನಿಗೆ ಕಡಿಮೆಯಿರಲಿಲ್ಲ. ಚನ್ನಗಿರಿಯ ಅಡಿಕೆ ಸಾಹುಕಾರರೊಬ್ಬರು ಕ್ಲಚ್ಚೇ ಇಲ್ಲದ, ತಾನೇ ಗೇರು ಬದಲಿಸಿಕೊಳ್ಳುವ ಹಳೆಯ ಫಾರಿನ್ ಕಾರೊಂದನ್ನು ತಂದಿದ್ದರು. ಅದು ಸ್ಟಾರ್ಟ್ ಆಗದೆ ಎಲ್ಲರೂ ಕೈಚೆಲ್ಲಿದಾಗ ಅಪ್ಪನೇ ಸರಿಮಾಡಿದ. ಆಮೇಲೆ ತಿಂಗಳುಗಟ್ಟಲೆ ಮನೆಯಲ್ಲಿ ಅದರದೇ ಪುರಾಣ. ಸ್ಟೇರಿಂಗಿನ ಪಕ್ಕದ ಗೇರಿನ ಕಡ್ಡಿ ಪೂರಾ ಮೇಲಕ್ಕೆ ಹೋಗಿ ಕೂತರೆ ಮಾತ್ರ ಸೆಲ್ಫಿಗೆ ಕರೆಂಟು ಹೋಗುತ್ತದಂತೆ. ನ್ಯೂಟ್ರಲ್ಲಿನಲ್ಲೂ ಹೋಗಬೇಕಿತ್ತಂತೆ, ಆದರೆ ಅಲ್ಲಿ ಒಳಗಿನ ಸ್ವಿಚ್ಚು ಸವೆದಿದೆಯಂತೆ. “ಒಂದು ಕೂದಲೆಳೆ ಕೆಳಗೆ ನಿಂತ್ರೂ ಇಂಜಿನ್ ಏಳಾಕಿಲ್ಲ. ಊರೆಲ್ಲ ಸೇರಿ ತಳ್ಳಿದ್ರೂ ಅಷ್ಟೇ,” ಎಂದು ಅವ್ವನಿಗೆ ರೊಟ್ಟಿ ಬಡಿಯುವ ಹೊತ್ತಿನಲ್ಲೂ ಪಾಠ.

ಆ ಋಣಕ್ಕೆ ಸಾಹುಕಾರರು ನನ್ನ ಮದುವೆಗೆ ಅದೇ ಕಾರು ಕಳಿಸಿದರು. ಗಂಡಿನ ಮನೆ ನ್ಯಾಮತಿ. ಹೆಣ್ಣು ಕಳಿಸುವ ಹೊತ್ತಿಗೆ ಕಾರು ನಮ್ಮ ಬಾಗಿಲಲ್ಲಿ ಹೂವು ಹೊತ್ತು ನಿಂತಿತ್ತು. ನಾನೂ ನಮ್ಮನೆಯವರೂ ಹಿಂದಿನ ಸೀಟಿನಲ್ಲಿ ಕೂತೆವು. ಡ್ರೈವರು ಕೀಲಿ ತಿರುಗಿಸಿದ. ಟಕ್ ಎಂಬ ಸದ್ದೂ ಇಲ್ಲ.

ಅಪ್ಪ ರೇಷ್ಮೆ ಪಂಚೆ ಎತ್ತಿ ಕಟ್ಟಿ ಬಾನೆಟ್ ತೆಗೆದ. ಮಗಳ ಮದುವೆಯ ದಿನವೂ ಜೇಬಿನಲ್ಲಿ ಆ ಬಲ್ಬಿತ್ತು. ಬ್ಯಾಟರಿ ಸರಿಯಿದೆ, ಹಾರ್ನ್ ಕೂಗುತ್ತಿದೆ, ಸೆಲ್ಫಿಗೆ ಮಾತ್ರ ಕರೆಂಟಿಲ್ಲ. ಮುಂದೆ ನೋಡುವಷ್ಟರಲ್ಲಿ ಬೀಗರ ಕಡೆಯವರಿಗೆ ತಾಳ್ಮೆ ಮೀರಿತ್ತು. ರಾಹುಕಾಲ ಬರುತ್ತದೆ, ತಳ್ಳಿ ಎಂದರು.

“ತಳ್ಳಬ್ಯಾಡ್ರೀ, ತಳ್ಳಿದ್ರೆ ಸ್ಟಾರ್ಟ್ ಆಗಾ ಗಾಡಿ ಅಲ್ರೀ ಇದು!” ಎಂದು ಅಪ್ಪ ಅಡ್ಡ ನಿಂತ.

“ಎಂಥ ಮೆಕ್ಯಾನಿಕ್ರೀ ನೀವು? ತಳ್ಳಿದ್ರೆ ಹೊರಡದ ಗಾಡಿ ಎಲ್ಲಾರ ಐತೇನ್ರೀ?” ಎಂದರು ನನ್ನ ಗಂಡನ ದೊಡ್ಡಪ್ಪ. ಜನ ಘೊಳ್ಳೆಂದು ನಕ್ಕು ಕೈಹಚ್ಚಿದರು.

ತಳ್ಳಿದರು. ನಮ್ಮ ಓಣಿ ದಾಟಿ, ಪೇಟೆ ಬೀದಿ ದಾಟಿ, ನೇರ ಅಪ್ಪನ ಅಂಗಡಿ ಮುಂದೆ. ಓಲಗದವರೂ ಊದುತ್ತಲೇ ಹಿಂದೆ ಬಂದರು. ಅಪ್ಪನಿಂದ ಬೈಸಿಕೊಂಡಿದ್ದ ಜೀಪಿನವರೆಲ್ಲ ಚಹಾದಂಗಡಿಯಿಂದ ಎದ್ದು ಬಂದು ಸಿಳ್ಳೆ ಹಾಕಿದರು. ನಾನು ಸೆರಗಿನೊಳಗೆ ಮುಖ ಹುದುಗಿಸಿ, ಭೂಮಿ ಬಾಯಿಬಿಡಬಾರದೇ ಅಂದುಕೊಳ್ಳುತ್ತಿದ್ದೆ.

ಬಸ್‌ಸ್ಟ್ಯಾಂಡಿನ ಹತ್ತಿರ ಜನ ಸುಸ್ತಾಗಿ ಕೈಬಿಟ್ಟಾಗ ಅಪ್ಪ ಡ್ರೈವರನ್ನು ಇಳಿಸಿ ತಾನೇ ಕೂತ. ಬಗ್ಗಿ ಸ್ಟೇರಿಂಗಿನ ಬುಡದಲ್ಲಿ ಏನೋ ಮಾಡಿದ. ಕೀಲಿ ತಿರುಗಿಸಿದ್ದೇ ತಡ, ಇಂಜಿನ್ ಎದ್ದಿತು.

“ಏನಾಗಿತ್ತು?” ಎಂದರು ದೊಡ್ಡಪ್ಪ.

ಅಪ್ಪ ಮುಷ್ಟಿ ಬಿಗಿಹಿಡಿದೇ ಕೆಳಗಿಳಿದ. “ನಂದೇ ತಪ್ಪು ಬಿಡ್ರಿ. ವೈರ್ ಬಿಗಿ ಮಾಡಾಕೆ ಮರ್ತಿದ್ದೆ.”

ಆ ಮಾತು ಅವನನ್ನು ಬಿಡಲಿಲ್ಲ. ನ್ಯಾಮತಿಯಲ್ಲಿ ಯಾರ ಗಾಡಿ ಕೆಟ್ಟರೂ, “ಬೀಗರನ್ನ ಕರಸ್ರೋ, ವೈರ್ ಸಡ್ಲ ಬಿಡ್ತಾರೆ,” ಎಂದು ನಗುತ್ತಿದ್ದರು. ನಾನು ತಲೆ ತಗ್ಗಿಸಿ ಅಡುಗೆಮನೆಗೆ ಹೋಗುತ್ತಿದ್ದೆ. ಅಪ್ಪ ಬಂದರೆ ಬೇಗ ಹೊರಡಲಿ ಅನ್ನಿಸುತ್ತಿತ್ತು. ರಸ್ತೆಗಿಳಿದು ಕೂಗುವುದನ್ನೂ ಅವನು ಬಿಟ್ಟಿದ್ದ. ಅಂಗಡಿ ಮುಂದೆ ಯಾರಾದರೂ ಗಾಡಿ ತಳ್ಳಿದರೆ ಒಳಗೆ ಮುಖ ತಿರುಗಿಸಿ ಕೂರುತ್ತಿದ್ದ ಎಂದು ಅವ್ವ ಹೇಳುತ್ತಿದ್ದಳು.

ಅಪ್ಪ ಕೊನೆಯ ಸಲ ನ್ಯಾಮತಿಗೆ ಬಂದಾಗ ತಡೆಯಲಾರದೆ ಕೇಳಿಯೇಬಿಟ್ಟೆ. “ಅಪ್ಪಾ, ಒಂದು ವೈರ್ ಬಿಗಿ ಮಾಡಾಕೆ ಆಗ್ಲಿಲ್ವಾ ನಿನಗೆ?”

“ಆಗ್ಲಿಲ್ಲ ಕಣವ್ವ,” ಎಂದ. ಆಮೇಲೆ, “ನಿಮ್ಮತ್ತೆ ನಿನ್ನ ಚೆನ್ನಾಗಿ ನೋಡ್ಕಂತಾರೇನು?” ಎಂದು ಕೇಳಿದ.

“ಹೂಂ. ಮಗಳಂಗೆ.”

“ಮತ್ತಿನ್ನೇನು ಬೇಕು,” ಎಂದು ಚೀಲ ಹೆಗಲಿಗೇರಿಸಿ ಬಸ್ಸಿಗೆ ಹೋದ.

ಅವನು ತೀರಿಕೊಂಡ ದಿನ ಹೊನ್ನಾಳಿಯ ಮನೆ ತುಂಬ ಜನ. ಬಾಗಿಲಲ್ಲಿ ಕೂತಿದ್ದ ದೊಡ್ಡಪ್ಪ ಯಾರಿಗೋ ಹೇಳುತ್ತಿದ್ದರು. “ಒಳ್ಳೆ ಕಸುಬುದಾರ. ಏನ್ ಮಾಡಾದು, ಮಗಳ ಮದುವೆ ದಿನನೇ ವೈರ್ ಮರ್ತ.”

ಮೂಲೆಯಲ್ಲಿ ಕೂತಿದ್ದ ನಮ್ಮತ್ತೆ ಎದ್ದು ನಿಂತರು. ನನ್ನ ಗಂಡ ಹುಟ್ಟಿದ ವರ್ಷವೇ ಗಂಡನನ್ನು ಕಳಕೊಂಡವರು. ಮಗನ ಮದುವೆಯಲ್ಲೂ ಚಪ್ಪರದೊಳಗೆ ಕಾಲಿಡದೆ ನಮ್ಮ ಮನೆಯ ಹಿತ್ತಿಲಲ್ಲೇ ಉಳಿದಿದ್ದರು. ಅವರು ಗಂಡಸರ ಎದುರು ದನಿಯೆತ್ತಿದ್ದನ್ನು ನಾನು ಕಂಡದ್ದು ಅದೇ ಮೊದಲು.

“ವೈರ್ ಸಡ್ಲ ಇರ್ಲಿಲ್ರೀ. ಮಗ ಸೊಸೆ ಚೆನ್ನಾಗಿರ್ಲಿ ಅಂತ ನನ್ನ ಸೀರೆ ಚೂರಲ್ಲಿ ಅರಿಶಿಣದ ಕೊಂಬು ಸುತ್ತಿ, ಯಾರೂ ಇಲ್ದಾಗ ಆ ಗೇರಿನ ಕಡ್ಡಿ ಬುಡಕ್ಕೆ ಕಟ್ಟಿದ್ದೆ. ಅದು ಅಡ್ಡ ಸಿಕ್ಕಂಡಿತ್ತು. ಅರಿಶಿಣ ಮುಟ್ಟಬಾರದೋಳು ಮುಟ್ಟಿದ್ದೆ. ಬೀಗರು ಸೀರೆ ಗುರ್ತು ಹಿಡಿದು, ಬಿಚ್ಚಿ ಮುಷ್ಟೀಲಿ ಮುಚ್ಕಂಡು ಹಿತ್ತಿಲಿಗೆ ಬಂದು ನನ್ನ ಕೈಯಾಗಿಟ್ರು. ‘ಒಳಗೆ ಇಟ್ಕಳ್ರಿ ತಾಯಿ, ಯಾರೂ ನೋಡಿಲ್ಲ’ ಅಂದ್ರು.”

ದೊಡ್ಡಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡರು.

ಅಪ್ಪನನ್ನು ಗೋಡೆಗೊರಗಿಸಿ ಕೂರಿಸಿದ್ದರು. ವಿಭೂತಿ ಹಚ್ಚಿ, ಮೀಸೆ ತೀಡಿದ್ದರು. ಕೊನೆಯದಾಗಿ ಮುಖ ನೋಡು ಬಾ ಎಂದು ಅವ್ವ ಕರೆದಳು. ಹತ್ತಿರ ಹೋದೆ. ಕಾಲು ಮುಟ್ಟಿದೆ. ತಲೆಯೆತ್ತಿ ಮುಖ ನೋಡಲು ನನಗೆ ಆಗಲಿಲ್ಲ.