ಮೇಷ್ಟ್ರಿಗೆ ನಾನು ಓದದೆ ಬಿಟ್ಟ ಆರು ಪುಟ

ಕಳೆದ ತಿಂಗಳು ಹರಿಹರದ ನಮ್ಮ ಕಚೇರಿಯಲ್ಲಿ ಹಳೆಯ ಕಡತಗಳ ಕೋಣೆಯನ್ನು ಖಾಲಿ ಮಾಡಿಸಿದರು. ಗೆದ್ದಲು ಹಿಡಿದ ರಿಜಿಸ್ಟರುಗಳ ಹಿಂದೆ ಒಂದು ಕನ್ನಡ ಟೈಪ್‌ರೈಟರ್ ಸಿಕ್ಕಿತು. ಮುಚ್ಚಳ ತೆಗೆದೊಡನೆ ಒಣಗಿದ ರಿಬ್ಬನ್ನಿನ ಮಸಿ ಮತ್ತು ಮಿಷನ್ ಎಣ್ಣೆ ಕೂಡಿದ ವಾಸನೆ ಮೂಗಿಗೆ ಬಡಿಯಿತು. ಜೊತೆಗಿದ್ದವರು ಕೆಮ್ಮುತ್ತ ಹಿಂದೆ ಸರಿದರು. ನಾನು ಅಲ್ಲೇ ನಿಂತುಬಿಟ್ಟೆ... ನನ್ನ ಟೈಪಿಂಗ್ ಮೇಷ್ಟ್ರ ಅಂಗಿಗೆ, ಕೈಗೆ, ಅವರು ಮುಟ್ಟಿದ ಪುಸ್ತಕಗಳಿಗೆಲ್ಲ ಇದೇ ವಾಸನೆ ಇರುತ್ತಿತ್ತು. ಅವರು ತೀರಿಕೊಂಡು ಎರಡು ವರ್ಷವಾಯಿತು. ಅವರಿಗೆ ನಾನು ಮಾಡಿದ್ದನ್ನು ಇದುವರೆಗೆ ಯಾರಿಗೂ ಹೇಳಿಲ್ಲ.

ಪಿಯುಸಿ ಮುಗಿಸಿ ದಾವಣಗೆರೆಯಲ್ಲಿ ಅವರ ಇನ್ಸ್ಟಿಟ್ಯೂಟಿಗೆ ಸೇರಿದಾಗ ನನಗೆ ಹದಿನೆಂಟು. ಬಟ್ಟೆ ಅಂಗಡಿಯೊಂದರ ಮೇಲಿನ ಮಹಡಿ, ಹನ್ನೆರಡು ಮಿಷನ್ನುಗಳು. ಹನ್ನೆರಡೂ ಒಟ್ಟಿಗೆ ಬಡಿಯುತ್ತಿರುವಾಗ ಮೇಷ್ಟ್ರು ಮೇಜಿನ ಡ್ರಾಯರ್ ಅರ್ಧ ಎಳೆದು, ಅದರೊಳಗೆ ಕಾದಂಬರಿ ಇಟ್ಟುಕೊಂಡು ಓದುತ್ತಿದ್ದರು. ತಲೆ ಎತ್ತದೆಯೇ ‘ಮೂರನೇ ಮಿಷನ್ನು, ತಪ್ಪು’ ಎನ್ನುತ್ತಿದ್ದರು. ಸದ್ದಿನಲ್ಲೇ ಅವರಿಗೆ ಗೊತ್ತಾಗುತ್ತಿತ್ತು. ನನ್ನ ಪಕ್ಕದ ಮಿಷನ್ನಿನಲ್ಲಿ ಅವರ ಒಬ್ಬಳೇ ಮಗಳು ಕೂರುತ್ತಿದ್ದಳು. ನನ್ನದೇ ವಯಸ್ಸು, ನನಗಿಂತ ಎರಡರಷ್ಟು ವೇಗ. ಬೇಗ ಮುಗಿಸಿ, ಅಪ್ಪನ ಡ್ರಾಯರಿನಿಂದ ಪುಸ್ತಕ ಎಗರಿಸಿ, ಅವರಿಗಿಂತ ಮೊದಲೇ ಕೊನೆಯ ಪುಟ ಓದಿ ಹೇಳಿಬಿಡುತ್ತಿದ್ದಳು. ಮೇಷ್ಟ್ರು ಕಿವಿ ಮುಚ್ಚಿಕೊಳ್ಳುತ್ತಿದ್ದರು.

ಮರುವರ್ಷ ಅವಳ ಸ್ಕೂಟಿಗೆ ಆವರಗೆರೆಯ ಹತ್ತಿರ ಹೈವೇಯಲ್ಲಿ ಲಾರಿ ಬಡಿಯಿತು. ತಲೆಗೆ ಪೆಟ್ಟು. ಒಂಬತ್ತು ದಿನ ಯಂತ್ರ ಅವಳಿಗಾಗಿ ಉಸಿರಾಡಿತು. ಹತ್ತನೆಯ ದಿನ ಬೆಳಿಗ್ಗೆ ಡಾಕ್ಟರು, ಇನ್ನು ಏನೂ ಉಳಿದಿಲ್ಲ, ಯಂತ್ರ ತೆಗೆಯುವುದಾದರೆ ನೀವು ಒಪ್ಪಿಗೆ ಕೊಡಬೇಕು ಎಂದರು. ನಾನು ಅಲ್ಲೇ ವರಾಂಡದಲ್ಲಿದ್ದೆ. ಮೇಷ್ಟ್ರ ಹೆಂಡತಿ ನೆಲದ ಮೇಲೆ ಕೂತು ‘ಬ್ಯಾಡ, ನಾನು ಒಪ್ಪಲ್ಲ’ ಎಂದು ಹೇಳುತ್ತಲೇ ಇದ್ದರು. ಆಸ್ಪತ್ರೆಯವರು ಟೈಪು ಮಾಡಿ ಕೊಟ್ಟ ಒಪ್ಪಿಗೆ ಪತ್ರವನ್ನು ಮೇಷ್ಟ್ರು ಎರಡು ಸಲ ಓದಿದರು. ಮಗಳ ಹೆಸರಿನಲ್ಲಿ ಒಂದು ಒತ್ತಕ್ಷರ ತಪ್ಪಿತ್ತು. ಪೆನ್ನು ತೆಗೆದು ಅದನ್ನು ತಿದ್ದಿದರು. ಆಮೇಲೆ ಸಹಿ ಹಾಕಿದರು.

ಹೆಂಡತಿ ಮಲೇಬೆನ್ನೂರಿನ ತವರಿಗೆ ಹೋದವರು ಮತ್ತೆ ಬರಲಿಲ್ಲ. ಮೇಷ್ಟ್ರು ಇನ್ಸ್ಟಿಟ್ಯೂಟ್ ಮುಚ್ಚಿ ಹರಿಹರದಲ್ಲಿ ವಿಧವೆ ಅಕ್ಕನ ಮನೆ ಸೇರಿದರು. ಹೊಳೆಗೆ ಹತ್ತಿರದ ಓಣಿ, ಎರಡು ಕೋಣೆಯ ಮನೆ. ಕೆಲವು ವರ್ಷಗಳ ಮೇಲೆ ನನಗೆ ಅದೇ ಊರಿನ ಕಚೇರಿಯಲ್ಲಿ ಕೆಲಸ ಸಿಕ್ಕಿತು. ದಾವಣಗೆರೆಯ ದೇವರಾಜ ಅರಸು ಬಡಾವಣೆಯ ಮನೆಯಿಂದ ದಿನಾ ಬಸ್ಸಿನಲ್ಲಿ ಓಡಾಟ. ಆಗಾಗ ಅವರನ್ನು ನೋಡಿ ಬರುತ್ತಿದ್ದೆ. ಮಗಳ ಮಾತು ಅವರೂ ಎತ್ತುತ್ತಿರಲಿಲ್ಲ, ನಾನೂ ಎತ್ತುತ್ತಿರಲಿಲ್ಲ.

ಸಕ್ಕರೆ ಕಾಯಿಲೆ ಅವರ ಕಣ್ಣು ತೆಗೆದುಕೊಂಡಿತು. ಮೊದಲು ಸಣ್ಣ ಅಕ್ಷರ ಹೋಯಿತು, ಆಮೇಲೆ ದೊಡ್ಡದು, ಕೊನೆಗೆ ಬಾಗಿಲಲ್ಲಿ ನಿಂತವರ ನೆರಳು ಮಾತ್ರ ಉಳಿಯಿತು. ಒಂದು ದಿನ ಹೋದಾಗ ಪುಸ್ತಕವೊಂದನ್ನು ಎದೆಗೆ ಒತ್ತಿಕೊಂಡು ಕೂತಿದ್ದರು. ‘ಅರ್ಧಕ್ಕ ನಿಂತೈತವ್ವಾ,’ ಎಂದರು. ನಾನು ಇಸಿದುಕೊಂಡು ಓದಲು ಶುರು ಮಾಡಿದೆ. ಅಂದಿನಿಂದ ಪ್ರತಿ ಬುಧವಾರ ಕಚೇರಿ ಬಿಟ್ಟ ಮೇಲೆ ಒಂದು ತಾಸು ಅವರಿಗೆ ಓದುವುದು, ಏಳು ಗಂಟೆಯ ಬಸ್ಸಿಗೆ ಮನೆಗೆ ಹೋಗುವುದು. ಹೀಗೆ ಮೂರು ವರ್ಷ.

ಹಳೆಯದನ್ನು ಅವರು ಕೇಳುತ್ತಿರಲಿಲ್ಲ. ‘ಈಗಿನ ಹುಡುಗ್ರು ಏನು ಬರೀತಾರ, ಅದನ್ನ ತಾ’ ಎನ್ನುತ್ತಿದ್ದರು. ನಾನು ದಾವಣಗೆರೆಯ ಅಂಗಡಿಯಲ್ಲಿ ಹೊಸ ಕಾದಂಬರಿಗಳನ್ನು ಹುಡುಕಿ ಒಯ್ಯುತ್ತಿದ್ದೆ. ನಾಳೆಯ ಕಾಲದ ಕಥೆಗಳೆಂದರೆ ಅವರಿಗೆ ಬಹಳ ಇಷ್ಟ, ಮತ್ತು ಅವುಗಳ ಮೇಲೆಯೇ ಹೆಚ್ಚು ಸಿಟ್ಟು. ಹೊಳೆಯೊಂದು ಪೂರ್ತಿ ಬತ್ತಿ, ಜನ ಅದರ ಮರಳಿನಲ್ಲಿ ಊರು ಕಟ್ಟುವ ಕಾದಂಬರಿಯನ್ನು ನಾನು ಕಣ್ಣೀರು ಹಾಕುತ್ತ ಓದಿದ್ದೆ. ಅವರು ತಲೆ ಅಲ್ಲಾಡಿಸಿದರು. ‘ಇದನ್ನ ಬರೆದವ ಹೊಳೀ ದಂಡ್ಯಾಗ ಬದುಕಿಲ್ಲ ಬಿಡು. ನೀರು ಬತ್ತಿದ್ರೆ ಮೊದ್ಲು ಬರೋದು ವಾಸನಿ. ದುಃಖ ಆಮ್ಯಾಲೆ.’ ಎಲ್ಲರಿಗೂ ತಮ್ಮ ಸಾವಿನ ದಿನ ಮೊದಲೇ ಗೊತ್ತಿರುವ ಇನ್ನೊಂದು ಕಥೆಗೆ ಜೋರಾಗಿ ನಕ್ಕಿದ್ದರು. ‘ದಿನ ಗೊತ್ತಾದ್ರೆ ಜನ ಇಷ್ಟು ವೇದಾಂತ ಮಾತಾಡಲ್ಲವ್ವಾ. ಮಕ್ಕಳ ಮದುವಿ ಬೇಗ ಮಾಡಿ ಮುಗಿಸ್ತಾರ.’ ಒಂದೇ ಗೋಡೆಯ ಆಚೀಚೆ ಇಪ್ಪತ್ತು ವರ್ಷ ಮಾತು ಬಿಟ್ಟು ಬದುಕಿದ ಓರಗಿತ್ತಿಯರ ಕಾದಂಬರಿ ನನಗೆ ಬೇಸರ ತರಿಸಿತ್ತು. ಅವರು ಅದರ ಒಂದು ಅಧ್ಯಾಯವನ್ನು ಮೂರು ಸಲ ಓದಿಸಿದರು. ಒಬ್ಬಳು ಇನ್ನೊಬ್ಬಳ ಕೆಮ್ಮು ಕೇಳುತ್ತ, ಕಷಾಯ ಕಾಸಿ, ಕೊಡಲಾರದೆ ತಾನೇ ಕುಡಿಯುವ ಅಧ್ಯಾಯ. ‘ಏನೂ ಆಗಂಗಿಲ್ಲ ಇದ್ರಾಗ. ಹಂಗಾಗೇ ನಿಜ ಐತೆ,’ ಎಂದಿದ್ದರು.

ಪುಸ್ತಕ ಮುಗಿದ ಮೇಲೆ ಬರೆದವರಿಗೊಂದು ಕಾಗದ. ಅವರು ಹೇಳುವರು, ನಾನು ಬರೆದುಕೊಳ್ಳುವೆ. ಕೆಳಗೆ ನಾನು ಬೆರಳಿಟ್ಟು ತೋರಿಸಿದ ಜಾಗದಲ್ಲಿ ಅವರು ಸಹಿ ಮಾಡುವರು. ಪ್ರಕಾಶಕರ ವಿಳಾಸಕ್ಕೆ ಅಂಚೆಗೆ ಹಾಕುವುದು ನನ್ನ ಕೆಲಸ. ಒಬ್ಬರೂ ಉತ್ತರ ಬರೆದಿರಲಿಲ್ಲ.

ಮೂರನೆಯ ವರ್ಷ ಆ ಕಾದಂಬರಿ ಬಂತು. ಸತ್ತವರ ದನಿಯಲ್ಲಿ ಮಾತಾಡುವ ಯಂತ್ರವೊಂದನ್ನು ಮಗಳನ್ನು ಕಳೆದುಕೊಂಡ ತಂದೆಯೊಬ್ಬ ಮನೆಗೆ ತರುವ ಕಥೆ. ಹಿಂಬದಿಯ ರಕ್ಷಾಪುಟದ ಸಾಲುಗಳನ್ನು ಓದಿದಾಗಲೇ ಇದು ಬೇಡ ಅನ್ನಿಸಿತು. ಆದರೆ ಅವರೇ ರೇಡಿಯೋದಲ್ಲಿ ಅದರ ಬಗ್ಗೆ ಕೇಳಿ ತರಿಸಿದ್ದರು. ಓದುವಾಗ ಒಂದು ಸಲವೂ ನಡುವೆ ಬಾಯಿ ಹಾಕಲಿಲ್ಲ. ತಂದೆ ದಿನವೂ ಮಗಳ ದನಿಯೊಂದಿಗೆ ಮಾತಾಡುವುದು, ಆ ದನಿ ಇವನು ಕೇಳಬಯಸಿದ್ದನ್ನೇ ಹೇಳುತ್ತ ಹೋಗುವುದು... ತಾಸು ಮುಗಿದರೆ ‘ಇನ್ನೆರಡು ಪುಟ’ ಎನ್ನುತ್ತಿದ್ದರು. ‘ಶುಕ್ರವಾರ ಬರಕ್ಕಾಗುತ್ತೇನವ್ವಾ?’ ಎಂದು ಮೊದಲ ಸಲ ಕೇಳಿದರು.

ಕೊನೆಯ ಕಂತು ಓದಬೇಕಾದ ದಿನ ಬೆಳಿಗ್ಗೆ, ಬಸ್ಸಿನಲ್ಲಿ, ಉಳಿದ ಆರು ಪುಟಗಳನ್ನು ನಾನು ಓದಿಬಿಟ್ಟೆ. ತಂದೆ ಬೆಳಿಗ್ಗೆ ಎದ್ದು ಯಂತ್ರದ ಮುಂದೆ ಕೂರುತ್ತಾನೆ. ‘ಅಪ್ಪಾ’ ಎಂದು ದನಿ ಕರೆಯುತ್ತಿರುವಾಗಲೇ ತನ್ನ ಕೈಯಿಂದ ತಂತಿ ಕೀಳುತ್ತಾನೆ. ಆಮೇಲೆ ಅಂಗಳ ಗುಡಿಸುತ್ತಾನೆ. ಅವನನ್ನು ಯಾರೂ ಕ್ಷಮಿಸುವುದಿಲ್ಲ, ಯಾರೂ ಬಯ್ಯುವುದೂ ಇಲ್ಲ. ಅಷ್ಟೇ. ನನಗೆ ಆಸ್ಪತ್ರೆಯ ವರಾಂಡ ಕಣ್ಣಿಗೆ ಕಟ್ಟಿತು. ಇದನ್ನು ಆ ಕುರುಡ ಮನುಷ್ಯನ ಮುಖ ನೋಡುತ್ತ ಓದಲು ನನ್ನಿಂದಾಗದು ಎಂದುಕೊಂಡೆ.

ಸಂಜೆ ಪುಸ್ತಕ ತೆರೆದು ಹಿಡಿದು, ಅದರಲ್ಲಿಲ್ಲದ್ದನ್ನು ಓದಿದೆ. ದನಿ ದಿನದಿಂದ ದಿನಕ್ಕೆ ಕ್ಷೀಣವಾಯಿತೆಂದೂ, ಒಂದು ಬೆಳಿಗ್ಗೆ ಯಂತ್ರ ತಾನಾಗಿಯೇ ನಿಂತಿತೆಂದೂ, ತಂದೆ ಕೈಮುಗಿದನೆಂದೂ ಕಟ್ಟಿದೆ. ನಡುನಡುವೆ ಪುಟ ತಿರುಗಿಸಿದೆ. ಸದ್ದು ಕೇಳಲಿ ಎಂದು ಸ್ವಲ್ಪ ಜೋರಾಗಿಯೇ ತಿರುಗಿಸಿದೆ.

ಮೇಷ್ಟ್ರು ‘ಹಂಗಾ...’ ಎಂದರು. ಆಮೇಲೆ, ‘ಹೆದರಿಬಿಟ್ನಲ್ಲವ್ವಾ ಇದನ್ನ ಬರೆದವ. ಕಾಗದ ತಗೋ.’

ಅವರು ಹೇಳಿದ್ದನ್ನು ನಾನೇ ಬರೆದೆ. ಇಂದಿಗೂ ಮರೆತಿಲ್ಲ. ‘ಮಾನ್ಯರೇ, ನಿಮ್ಮ ಕಾದಂಬರಿಯ ತಂದೆಗೆ ಕೊನೆಯಲ್ಲಿ ನೀವು ದಯೆ ತೋರಿಸಿದ್ದೀರಿ. ಯಂತ್ರವೇ ನಿಂತುಹೋದರೆ ಅವನು ಮಾಡಬೇಕಾದ್ದು ಏನೂ ಉಳಿಯುವುದಿಲ್ಲ. ನನ್ನ ಮಗಳ ಉಸಿರಿನ ಯಂತ್ರ ತೆಗೆಯಲು ಸಹಿ ಹಾಕಿದವನು ನಾನು. ಅಂದಿನಿಂದ ಪುಸ್ತಕಗಳಲ್ಲಿ, ಹಾಗೆ ಮಾಡಿದ ಇನ್ನೊಬ್ಬ ಮನುಷ್ಯ ಸಿಗುತ್ತಾನೆಯೇ ಎಂದು ನೋಡುತ್ತಿದ್ದೇನೆ. ಅವನು ಮರುದಿನ ಏನು ಮಾಡಿದ ಎಂದು ತಿಳಿಯಬೇಕಿತ್ತು. ನೀವು ಹತ್ತಿರ ಬಂದು ಹಿಂದೆ ಸರಿದಿರಿ.’

ಇಪ್ಪತ್ತು ವರ್ಷಗಳಲ್ಲಿ ಅವರು ಆ ಸಹಿಯ ಮಾತೆತ್ತಿದ್ದು ಅದೇ ಮೊದಲು. ಆಗಲೇ ಹೇಳಬಹುದಿತ್ತು. ಪುಸ್ತಕ ನನ್ನ ತೊಡೆಯ ಮೇಲೇ ಇತ್ತು. ಅವರು ಹುಡುಕುತ್ತಿದ್ದ ಮನುಷ್ಯ ಅದರೊಳಗೇ ಇದ್ದ. ಅವರ ಬೆರಳನ್ನು ಹಿಡಿದು ಕಾಗದದ ಕೆಳತುದಿಯಲ್ಲಿಟ್ಟೆ. ಸಹಿ ಮಾಡಿದರು. ಓದಿ ಮುಗಿಸಿದ ಪುಸ್ತಕಗಳ ಜೊತೆ ಇದನ್ನೂ ಅವರ ಕಪಾಟಿನಲ್ಲಿಟ್ಟೆ. ಕಾಗದವನ್ನು ಹರಿದು ಹಾಕಲು ಯೋಚಿಸಿದೆ. ಒಂದು ಸುಳ್ಳಿನ ಮೇಲೆ ಇನ್ನೊಂದು ಬೇಡವೆಂದು, ಹೇಗೂ ಯಾರೂ ಉತ್ತರ ಬರೆಯುವುದಿಲ್ಲವೆಂದು, ಅಂಚೆಗೆ ಹಾಕಿದೆ.

ಐದು ವಾರದ ಮೇಲೆ ಹೋದಾಗ ಮೇಷ್ಟ್ರ ಕೈಯಲ್ಲಿ ಒಡೆದ ಲಕೋಟೆಯಿತ್ತು. ಅವರ ಅಕ್ಕ ಒಳಗಿನಿಂದ ಮಂಡಕ್ಕಿ ತಟ್ಟೆ ತಂದಿಟ್ಟು, ನನ್ನ ಮುಖ ನೋಡದೆ ಹೋದರು.

‘ಉತ್ತರ ಬಂದೈತೆ. ಓದು,’ ಎಂದರು ಮೇಷ್ಟ್ರು.

ಕೈಬರಹದ ಒಂದು ಪುಟ. ಮೊದಲು ಮನಸ್ಸಿನಲ್ಲೇ ಓದಿಕೊಂಡೆ. ‘ತಮ್ಮ ಪತ್ರ ಓದಿ ಎರಡು ದಿನ ನನಗೆ ಕೆಲಸ ಮಾಡಲಾಗಲಿಲ್ಲ. ಆದರೆ ನನ್ನ ಕಾದಂಬರಿಯ ತಂದೆ ತನ್ನ ಕೈಯಾರೆ ತಂತಿ ಕೀಳುತ್ತಾನೆ. ತಾವು ಓದಿದ್ದು ಯಾವ ಪ್ರತಿಯೋ ತಿಳಿಯಲಿಲ್ಲ...’ ಅಕ್ಷರಗಳು ಕಣ್ಣ ಮುಂದೆ ಓಡಿದವು. ಮತ್ತೆ ಅದನ್ನೇ ಮಾಡಿದೆ. ‘ಪತ್ರಕ್ಕೆ ಧನ್ಯವಾದ. ತಮ್ಮ ಅಭಿಪ್ರಾಯವನ್ನು ಗೌರವಿಸುತ್ತೇನೆ. ಮುಂದಿನ ಕೃತಿಯಲ್ಲಿ ಗಮನಿಸುವೆ...’

‘ಅಷ್ಟೇ ಏನು?’

‘ಅಷ್ಟೇ ಸರ್.’

ಅವರು ಕೈ ಚಾಚಿ ಕಾಗದ ಇಸಿದುಕೊಂಡು ನಾಲ್ಕು ಮಡಿಕೆ ಮಾಡಿದರು. ‘ಬೆಳಿಗ್ಗೇನ ಅಕ್ಕ ಓದಿ ಹೇಳ್ಯಾಳವ್ವಾ. ಒಂದೊಂದೇ ಅಕ್ಷರ ಕೂಡಿಸ್ಕೊಂಡು ಓದಿದ್ಲು. ನಂಗೆ ನಂಬಿಕೀ ಬರ್ಲಿಲ್ಲ. ಆ ಹುಡುಗಿ ಬಂದು ಓದ್ಲಿ, ಆಗ ಗೊತ್ತಾಗುತ್ತೆ ಅಂತ ಕುಂತಿದ್ದೆ.’

‘ಸರ್, ನಿಮಗೆ ನೋವಾಗುತ್ತೆ ಅಂತ...’

‘ನೋವು ನಂದು. ಅದನ್ನ ನೀನ್ಯಾಕ ತಗೊಂಡಿ?’ ದನಿ ಏರಲಿಲ್ಲ. ‘ಇದ್ದದ್ದನ್ನ ಇದ್ದಂಗ ಟೈಪು ಹೊಡೀಬೇಕು ಅಂತ ಕಲಿಸಿದ್ದೆ. ಮೂರು ವರ್ಷ ಓದಿದ್ದೀ. ಅದ್ರಾಗ ಪುಸ್ತಕದ್ದು ಎಷ್ಟು, ನಿಂದು ಎಷ್ಟು ಅಂತ ನಂಗೆ ಹೆಂಗ ಗೊತ್ತಾಗಬೇಕು ಈಗ?’

ಇದೊಂದೇ ಸಲ ಎಂದು ಆಣೆ ಮಾಡಿದೆ. ಪುಸ್ತಕ ಕೊಡಿ, ಆರು ಪುಟ ಈಗಲೇ ಓದುತ್ತೇನೆ ಎಂದು ಅಂಗಲಾಚಿದೆ. ಅವರು ನನ್ನ ದನಿ ಬಂದ ಕಡೆಯಿಂದ ಮುಖ ತಿರುಗಿಸಿ, ‘ಬಸ್ಸಿನ ಹೊತ್ತಾತು, ಹೋಗವ್ವಾ,’ ಎಂದರು. ಮುಂದಿನ ಬುಧವಾರ ಹೋದೆ, ಅದರ ಮುಂದಿನದೂ ಹೋದೆ. ‘ಮಲಗ್ಯಾನ’ ಎಂದು ಅಕ್ಕ ಬಾಗಿಲಲ್ಲೇ ಹೇಳಿದರು. ಒಳಗೆ ರೇಡಿಯೋ ಸಣ್ಣಗೆ ಮಾತಾಡುತ್ತಿತ್ತು. ಆಮೇಲೆ ಹೋಗಲು ಮುಖವಿರಲಿಲ್ಲ. ನಾಲ್ಕು ತಿಂಗಳ ಮೇಲೆ ಅವರು ಪಾರ್ಶ್ವವಾಯು ಹೊಡೆದು ತೀರಿಕೊಂಡ ಸುದ್ದಿ ಕಚೇರಿಯಲ್ಲಿ ಯಾರೋ ಹೇಳಿದರು. ಮಣ್ಣು ಆಗಲೇ ಆಗಿತ್ತು.

ಅವರ ಅಕ್ಕನನ್ನು ಕಾಣಲು ಹೋದೆ. ಕೂಡ್ರು ಎಂದರು. ಬಯ್ಯಲಿಲ್ಲ.

‘ಆ ಪುಸ್ತಕ ನಾನೇ ಓದಿ ಹೇಳಿದೆ ಕಣವ್ವಾ,’ ಎಂದರು. ‘ನಾಕನೇ ಕ್ಲಾಸಿಗೆ ಸಾಲಿ ಬಿಟ್ಟಾಕಿ ನಾನು. ಆರು ಪುಟಕ್ಕ ಎಂಟು ದಿನ ಹಿಡೀತು. ಆ ಅಪ್ಪ ಅಂಗಳ ಗುಡಿಸ್ತಾನಲ್ಲ, ಅಲ್ಲಿಗೆ ಬಂದಾಗ, ಇನ್ನೊಂದ್ಸಲ ಓದು ಅಂದ. ಓದಿದೆ. ಅತ್ತುಬಿಟ್ಟ. ಮಗಳು ಹೋದಾಗ್ಲೂ ಅತ್ತಿದ್ದಿಲ್ಲ ಅವ.’

ಕೇಳಬಾರದಿತ್ತು, ಕೇಳಿದೆ. ‘ನನ್ನ ಬಗ್ಗೆ ಏನಾದರೂ ಅಂದರಾ ಅಮ್ಮ?’

ಅವರು ನನ್ನನ್ನೇ ನೋಡಿದರು. ಒಂದು ಒಳ್ಳೆಯ ಮಾತು ಕಟ್ಟಿ ಹೇಳುವುದು ಅವರಿಗೂ ಕಷ್ಟವಿರಲಿಲ್ಲ. ‘ಇಲ್ಲವ್ವಾ,’ ಎಂದರು. ‘ಏನೂ ಅನ್ಲಿಲ್ಲ.’

ಈಗಲೂ ಹೊಸ ಕಾದಂಬರಿಗಳನ್ನು ಕೊಳ್ಳುತ್ತೇನೆ, ಹೋಗಿ ಬರುವ ಬಸ್ಸಿನಲ್ಲಿ ಓದುತ್ತೇನೆ. ಅದೇ ಲೇಖಕರ ಹೊಸತೊಂದು ಈಚೆಗೆ ಬಂದಿದೆ. ಅಣೆಕಟ್ಟೆಯಲ್ಲಿ ಮುಳುಗಿದ ಊರಿನ ಜನ ವರ್ಷಕ್ಕೊಮ್ಮೆ ನೀರಿಗಿಳಿದು ತಮ್ಮ ಮನೆಗಳಿಗೆ ಸುಣ್ಣ ಬಳಿದು ಬರುವ ಕಥೆ. ಅರ್ಧ ಆಗಿದೆ. ಮೇಷ್ಟ್ರು ನನ್ನನ್ನು ತಡೆದು ನಿಲ್ಲಿಸುತ್ತಿದ್ದ ಜಾಗ ಯಾವುದೆಂದು ನನಗೆ ಗೊತ್ತು. ಅಲ್ಲಿಗೆ ಬಂದಾಗ ನಾನೇ ನಿಲ್ಲುತ್ತೇನೆ. ಅವರು ಏನೆನ್ನುತ್ತಿದ್ದರು ಎಂದು ಮನಸ್ಸು ಥಟ್ಟನೆ ಒಂದು ಮಾತು ಹೊಂದಿಸಿಕೊಡುತ್ತದೆ, ಥೇಟು ಅವರ ದನಿಯಲ್ಲೇ. ಅದು ಅವರದಲ್ಲ, ನಾನು ಕಟ್ಟಿದ್ದು... ಅದನ್ನು ಅಲ್ಲಿಗೇ ಬಿಟ್ಟು ಮುಂದಿನ ಸಾಲು ಓದುತ್ತೇನೆ.